ಗಣಕಯಂತ್ರದ ಮೋಟಾರು ಪಂದ್ಯ: ಯಥಾರ್ಥತೆಯ ಪ್ರಮಾಣವಿಚಾರ

ಒಂದು ಅನುಕರಣವು ತನ್ನ ಮೂಲಕ್ಕೆ ಎಷ್ಟರಮಟ್ಟಿಗೆ ಯಥಾರ್ಥವಾಗಿದೆಯೆಂಬ ಪ್ರಶ್ನೆ ಚಿತ್ರಕಲೆಗೂ ನಾಟ್ಯಕ್ಕೂ ಹಳೆಯದು. ಇತಿಹಾಸದ ವಿದ್ಯಾರ್ಥಿಗೂ ಅದು ಹೊಸದಲ್ಲ. ಪ್ರತಿಯನ್ನು ಮೂಲದೊಡನೆ ಹೋಲಿಸುವುದು ಅವನ ನಿತ್ಯದ ಕೆಲಸಗಳಲ್ಲಿ ಒಂದು. ಆದರೆ ಮೂಲವೇ ಉಳಿಯದೆ ಹೋದಾಗ ಪ್ರತಿಯನ್ನು ಯಾವುದರೊಡನೆ ಹೋಲಿಸಬೇಕು? ಈ ಪ್ರಶ್ನೆಯನ್ನು ನಾವು ಇಲ್ಲಿ ಒಂದು ಅಸಾಮಾನ್ಯವಾದ ಉದಾಹರಣೆಯ ಮೂಲಕ ವಿಚಾರ ಮಾಡಲು ಉದ್ದೇಶಿಸಿದ್ದೇವೆ. 1998ರಲ್ಲಿ ಅಮೆರಿಕದ ಪಪೈರಸ್ ಸಂಸ್ಥೆಯವರು 'ಗ್ರಾಂಡ್ ಪ್ರಿ ಲೆಜೆಂಡ್ಸ್' ಎಂಬ ಗಣಕಯಂತ್ರದ ಆಟವೊಂದನ್ನು ಹೊರತಂದರು. ಅದರ ವಸ್ತು 1967ನೆಯ ಇಸವಿಯ ಫಾರ್ಮುಲಾ ಒನ್ ಮೋಟಾರು ಪಂದ್ಯಗಳು. ಆಟಕ್ಕೂ ಅದರ ವಸ್ತುವಿಗೂ ನಡುವೆ 31 ವರ್ಷಗಳ ಅಂತರವಿತ್ತು. ಆ ಆಟವು ಮಾರಾಟದಲ್ಲಿ ಸೋತಿತು. ಆದರೂ 'ಇದಕ್ಕಿಂತ ಯಥಾರ್ಥವಾದ ಪಂದ್ಯದ ಆಟ ಮತ್ತೊಂದಿಲ್ಲ' ಎಂಬ ಕೀರ್ತಿಯನ್ನು ಅನೇಕ ವರ್ಷಗಳ ಕಾಲ ಉಳಿಸಿಕೊಂಡಿತು. ಈ ಕೀರ್ತಿಗೆ ಆಧಾರವೇನು, ಆ ಆಧಾರ ಎಷ್ಟು ಗಟ್ಟಿ, ಎಂಬುದೇ ಪ್ರಕೃತ ಲೇಖನದ ವಿಷಯ.

ಸಂಶೋಧನ ಸಂಚಿಕೆಯಲ್ಲಿ ಆಟದ ಚರ್ಚೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ 1967ರ ಪಂದ್ಯವಾಹನವೊಂದು ತಿರುವಿನಲ್ಲಿ ಹೇಗೆ ವರ್ತಿಸುತ್ತಿತ್ತೆಂದು ಇಂದು ಅಧಿಕಾರವಾಣಿಯಿಂದ ನುಡಿಯುವವರಲ್ಲಿ ಬಹುಮಂದಿ ಅಂಥ ವಾಹನವನ್ನು ಮುಟ್ಟಿಯೂ ನೋಡದವರು. ಅವರ ತಿಳಿವಳಿಕೆ ಬಂದದ್ದು ಆಟದಿಂದ. ಹೀಗೆ ಅನುಕರಣವೇ ಮೂಲದ ಸಾಕ್ಷಿಯ ಸ್ಥಾನವನ್ನು ಆಕ್ರಮಿಸುತ್ತದೆ. ಆಮೇಲೆ ಅದೇ ತಿಳಿವಳಿಕೆಯನ್ನು ಮುಂದಿಟ್ಟುಕೊಂಡು ಆಟ ಯಥಾರ್ಥವಾಗಿದೆಯೆಂದು ತೀರ್ಪು ಕೊಟ್ಟರೆ ಅದು ಅನ್ಯೋನ್ಯಾಶ್ರಯ ದೋಷಕ್ಕೆ ಒಳ್ಳೆಯ ನಿದರ್ಶನವಾದೀತು.

ಮೊದಲು ಈ ಬಗೆಯ ಆಟಗಳ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡಬೇಕು. 'ಯಥಾರ್ಥ' ಎಂಬ ಮಾತಿನ ಅರ್ಥವೇ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. 1974ರಲ್ಲಿ ಅಟಾರಿ ಸಂಸ್ಥೆಯವರ 'ಗ್ರಾನ್ ಟ್ರಾಕ್ 10' ಬಂದಾಗ ಯಥಾರ್ಥತೆಯೆಂದರೆ ಆಟಗಾರನ ಕೈಕಾಲುಗಳಿಗೆ ಸಂಬಂಧಿಸಿದ್ದು. ಸ್ಟಿಯರಿಂಗ್ ಚಕ್ರ, ಗೇರಿನ ಹಿಡಿ, ಕಾಲಿನ ಪೆಡಲುಗಳು ಇದ್ದುವು. ಪರದೆಯ ಮೇಲೆ ಮಾತ್ರ ಆಕಾಶದಿಂದ ನೋಡಿದಂತೆ ಕಾಣುವ ಒಂದು ಚುಕ್ಕೆಗೆರೆಯ ಹಾದಿ. 1976ರ 'ನೈಟ್ ಡ್ರೈವರ್' ಚಾಲಕನ ಕಣ್ಣಿನ ಮಟ್ಟಕ್ಕೆ ಇಳಿಯಿತು. ಆದರೆ ರಸ್ತೆಯನ್ನು ಬರೆಯುವ ಶಕ್ತಿ ಅಂದಿನ ಯಂತ್ರಗಳಿಗಿರಲಿಲ್ಲವಾದ್ದರಿಂದ ಕತ್ತಲೆಯಲ್ಲಿ ಇಕ್ಕೆಲದ ಬಿಳಿಯ ಕಂಬಗಳನ್ನು ಮಾತ್ರ ತೋರಿಸಿ, ಉಳಿದುದನ್ನು ರಾತ್ರಿಯ ಪಾಲಿಗೆ ಬಿಟ್ಟಿತು. ಇದು ಜಾಣತನವೇ ಸರಿ. 1982ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆಯ 'ಪೋಲ್ ಪೊಸಿಷನ್' ಫೂಜಿಯ ನಿಜವಾದ ಪಂದ್ಯಪಥವನ್ನು ಅನುಸರಿಸಿತು. ಪಂದ್ಯಕ್ಕೆ ಮೊದಲು ಅರ್ಹತೆಯ ಸುತ್ತನ್ನು ಓಡಿ ತೋರಿಸಬೇಕೆಂಬ ನಿಯಮವನ್ನೂ ತಂದಿತು. ಹೆಸರುಳ್ಳ ಸ್ಥಳವೊಂದನ್ನು ಅನುಸರಿಸಿದೊಡನೆ 'ಇದು ಅಲ್ಲಿಯಂತಿದೆಯೆ?' ಎಂದು ಕೇಳುವ ಹಕ್ಕು ನೋಡುವವನಿಗೆ ಹುಟ್ಟಿತು.

ಇವುಗಳಲ್ಲಿ ಯಾವುದರಲ್ಲೂ ವಾಹನವೆಂಬುದು ಭೌತವಸ್ತುವಾಗಿರಲಿಲ್ಲ. ರಸ್ತೆಯ ಚಿತ್ರದ ಮೇಲೆ ಎಡಕ್ಕೂ ಬಲಕ್ಕೂ ಸರಿಯುವ ಇನ್ನೊಂದು ಚಿತ್ರವಾಗಿತ್ತು, ಅಷ್ಟೆ. ಚಲನಶಾಸ್ತ್ರದ ನಿಯಮಗಳಂತೆ ವಾಹನದ ನಡೆಯನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕುವ ಪ್ರಯತ್ನಗಳಲ್ಲಿ ಗಣನೀಯವಾದದ್ದು 1984ರಲ್ಲಿ ಇಂಗ್ಲೆಂಡಿನ ಜೆಫ್ ಕ್ರಾಮಂಡ್ ಅವರು ರಚಿಸಿದ 'ರೆವ್ಸ್'. ಅದು ಬಿಬಿಸಿ ಮೈಕ್ರೊ ಎಂಬ, ಕೇವಲ 32 ಕಿಲೋಬೈಟು ಸ್ಮೃತಿಯ ಯಂತ್ರದಲ್ಲಿ ನಡೆಯುತ್ತಿತ್ತು. ಫಾರ್ಮುಲಾ ತ್ರೀ ವಾಹನ, ಸಿಲ್ವರ್‌ಸ್ಟೋನ್ ಪಥ, ಮುಂದಿನ ಹಿಂದಿನ ರೆಕ್ಕೆಗಳ ಓರೆಯನ್ನು ಬದಲಿಸುವ ಅನುಕೂಲ, ಇವೆಲ್ಲ ಅಷ್ಟು ಚಿಕ್ಕ ಜಾಗದಲ್ಲಿ ಅಡಗಿದ್ದುವು. ಕ್ರಾಮಂಡರು ಭೌತಶಾಸ್ತ್ರವನ್ನು ಓದಿದವರು. ಅವರ ಆಟದ ಚಿತ್ರ ಒರಟು. ಆದರೆ ಬ್ರೇಕು ಒತ್ತಿದ ಸ್ಥಳ ಸ್ವಲ್ಪ ತಪ್ಪಿದರೂ ಅದರ ಫಲ ಮುಂದಿನ ತಿರುವಿನವರೆಗೆ ಬೆನ್ನಟ್ಟುತ್ತಿತ್ತು. ಯಥಾರ್ಥತೆಯ ಸ್ಥಾನ ಕಣ್ಣಿನಿಂದ ಕಾರಣಕಾರ್ಯ ಸಂಬಂಧಕ್ಕೆ ಸರಿದದ್ದು ಇಲ್ಲಿ ಎಂದು ನಾವು ಭಾವಿಸುತ್ತೇವೆ.

1989ರಲ್ಲಿ ಎರಡು ಆಟಗಳು ಬಂದುವು. ಅಟಾರಿ ಗೇಮ್ಸ್‌ನವರ 'ಹಾರ್ಡ್ ಡ್ರೈವಿನ್' ಎಂಬ ಅಂಗಡಿಯ ಆಟಕ್ಕೆ ವಾಹನದ ಗಣಿತವನ್ನು ಒದಗಿಸುವಲ್ಲಿ ಡಗ್ಲಸ್ ಮಿಲಿಕನ್ ಅವರು ನೆರವಾದರು. ತಂದೆ ವಿಲಿಯಂ ಮಿಲಿಕನ್ ಅವರೊಡನೆ ಅವರು ಬರೆದ ಪಂದ್ಯವಾಹನ ಚಲನಶಾಸ್ತ್ರದ ಗ್ರಂಥ 1995ರಲ್ಲಿ ಪ್ರಕಟವಾಗಿ ಇಂದಿಗೂ ಎಂಜಿನಿಯರುಗಳ ಕೈಪಿಡಿಯಾಗಿದೆ. ಆ ಆಟದಲ್ಲಿ ಕ್ಲಚ್ಚು ಇತ್ತು, ವಾಹನವನ್ನು ಎಬ್ಬಿಸುವ ಬೀಗದ ಕೈ ಇತ್ತು, ಟೈರಿನ ಎಳೆತವನ್ನು ಕೈಗೆ ಮುಟ್ಟಿಸುವ ಸ್ಟಿಯರಿಂಗ್ ಚಕ್ರವಿತ್ತು. ಇಷ್ಟಾಗಿ ರಸ್ತೆ ಮಾತ್ರ ತಲೆಕೆಳಗಾಗಿ ಸುತ್ತಿಬರುವ ಸರ್ಕಸ್ಸಿನ ದೊಡ್ಡ ಬಳೆ! ಯಂತ್ರದಲ್ಲಿ ಸತ್ಯ, ಹಾದಿಯಲ್ಲಿ ಕಲ್ಪನೆ. ಇದೇ ವರ್ಷ ಡೇವಿಡ್ ಕೇಮರ್ ಮತ್ತು ಓಮರ್ ಖುದಾರಿ ಅವರ ಪಪೈರಸ್ ಸಂಸ್ಥೆಯಿಂದ 'ಇಂಡಿಯಾನಾಪೊಲಿಸ್ 500' ಹೊರಬಂತು. ಅದರಲ್ಲಿ 33 ವಾಹನಗಳು, 200 ಸುತ್ತುಗಳು. ಟೈರಿನ ಓರೆಯನ್ನೂ ರೆಕ್ಕೆಯ ಕೋನವನ್ನೂ ತಿದ್ದಿ ನೋಡುವ ಸೌಕರ್ಯ. ಆಟದ ಹೆಸರಿನೊಡನೆಯೇ 'ಸಿಮ್ಯುಲೇಷನ್' ಎಂಬ ಬಿರುದು ಇತ್ತು. ಕ್ರಾಮಂಡರ 1991ರ 'ಫಾರ್ಮುಲಾ ಒನ್ ಗ್ರಾಂಡ್ ಪ್ರಿ' ಆಟವು ಆ ವರ್ಷದ 16 ಪಂದ್ಯಪಥಗಳನ್ನೂ ಒಳಗೊಂಡು, ತಾನೇ ಬ್ರೇಕು ಹಾಕುವುದು, ತಾನೇ ಗೇರು ಬದಲಿಸುವುದು ಮೊದಲಾದ ನೆರವುಗಳನ್ನು ಒಂದೊಂದಾಗಿ ಕಳಚುತ್ತ ಹೋಗುವ ವ್ಯವಸ್ಥೆ ಮಾಡಿತು. ನೆರವು ಕಳಚಿದಷ್ಟೂ ಯಥಾರ್ಥತೆ ಹೆಚ್ಚುತ್ತದೆಂಬ, ಎಂದರೆ ಕಷ್ಟ ಹೆಚ್ಚಿದಷ್ಟೂ ಸತ್ಯ ಹತ್ತಿರವಾಗುತ್ತದೆಂಬ ಭಾವನೆ ಇಲ್ಲಿಂದ ಬೇರೂರಿತೆಂದು ತೋರುತ್ತದೆ.

ಈ ಹಿನ್ನೆಲೆಯಲ್ಲಿ 'ಗ್ರಾಂಡ್ ಪ್ರಿ ಲೆಜೆಂಡ್ಸ್' 1967ನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಮೂರು ಲೀಟರು ಎಂಜಿನ್ನಿನ ನಿಯಮ 1966ರಲ್ಲಿ ಜಾರಿಗೆ ಬಂದಿತ್ತು. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಲೋಟಸ್ 49 ಎಂಬ ವಾಹನ ಮೊದಲ ಸಲ ಪಂದ್ಯಕ್ಕಿಳಿದು ಜಿಮ್ ಕ್ಲಾರ್ಕನ ಕೈಯಲ್ಲಿ ಗೆದ್ದಿತು. ಸುಮಾರು 400 ಅಶ್ವಶಕ್ತಿ, ಸುಮಾರು 500 ಕಿಲೋಗ್ರಾಂ ತೂಕ. ವಾಹನವನ್ನು ನೆಲಕ್ಕೆ ಒತ್ತಿಹಿಡಿಯುವ ರೆಕ್ಕೆಗಳು ಇನ್ನೂ ಬಂದಿರಲಿಲ್ಲ, ಅವು ಬಂದದ್ದು 1968ರಲ್ಲಿ. ನೆಲದ ಮೇಲಿನ ಹಿಡಿತವೆಲ್ಲ ನಾಲ್ಕು ಟೈರುಗಳದೇ. ವಾಹನ ಜಾರುತ್ತಲೇ ತಿರುಗುತ್ತಿತ್ತು; ಆ ಜಾರಿಕೆಯನ್ನು ಆಕ್ಸಿಲರೇಟರಿನಿಂದ ಹದದಲ್ಲಿಡುವುದೇ ಚಾಲಕನ ವಿದ್ಯೆ. ಚಾಲನೆಯ ಗಣಿತವನ್ನು ಪರೀಕ್ಷೆಗೆ ಒಡ್ಡಬೇಕೆನ್ನುವವನಿಗೆ ಇದಕ್ಕಿಂತ ಒಳ್ಳೆಯ ವಸ್ತು ದೊರೆಯುವುದು ಕಷ್ಟ.

ಹೊರಗಿನ ಸಂಗತಿಗಳಲ್ಲಿ ಆಟವು ಎಷ್ಟು ನಿಷ್ಠೆಯಿಂದಿದೆಯೆಂಬುದನ್ನು ಬೇಗನೆ ಹೇಳಿ ಮುಗಿಸಬಹುದು. 11 ಪಂದ್ಯಪಥಗಳಲ್ಲಿ 10 ಆ ವರ್ಷದವೇ. ಹನ್ನೊಂದನೆಯದು ಮಾತ್ರ ಬೇರೆ: 1967ರ ಫ್ರೆಂಚ್ ಪಂದ್ಯ ನಡೆದದ್ದು ಲ ಮಾನ್ಸ್‌ನ ಬುಗಾಟಿ ಪಥದಲ್ಲಿ, ಆಟದಲ್ಲಿರುವುದು ರೂಆಂ. ವಾಹನಗಳ ಹೆಸರಿನಲ್ಲಿಯೂ ಹೀಗೆಯೇ ವ್ಯತ್ಯಾಸವುಂಟು. ಲೋಟಸ್, ಫೆರಾರಿ, ಬ್ರಾಭಮ್, ಈಗಲ್, ಬಿಆರ್‌ಎಂ ತಮ್ಮ ಹೆಸರಿನಲ್ಲಿಯೇ ಇವೆ. ಹೆಸರನ್ನು ಬಳಸುವ ಅನುಮತಿ ಇಲ್ಲದೆ ಹೋದುದರಿಂದ ಕೂಪರ್ 'ಕವೆಂಟ್ರಿ'ಯಾಯಿತು, ಹೋಂಡಾ 'ಮುರಸಾಮಾ' ಆಯಿತು. ಆ ವರ್ಷದ ಮೊದಲನೆಯ ಪಂದ್ಯವನ್ನು ಕ್ಯಾಲಾಮಿಯಲ್ಲಿ ಪೆದ್ರೊ ರೊದ್ರೀಗೆಸ್ ಗೆದ್ದದ್ದು ಕೂಪರ್ ವಾಹನದಲ್ಲಿ. ಸೆಪ್ಟೆಂಬರಿನಲ್ಲಿ ಮೊಂಜಾದಲ್ಲಿ ಜಾನ್ ಸರ್ಟೀಸ್ ಗೆದ್ದದ್ದು ಹೋಂಡಾದಲ್ಲಿ. ಎಂದರೆ 11 ಪಂದ್ಯಗಳಲ್ಲಿ ಎರಡನ್ನು ಗೆದ್ದ ವಾಹನಗಳು ಈ ಇತಿಹಾಸದಲ್ಲಿ ಮಾರುವೇಷದಲ್ಲಿವೆ. ದಾನಶಾಸನದಲ್ಲಿ ದಾನಿಯ ಹೆಸರನ್ನು ಕೆತ್ತಿ ಅಳಿಸಿದಂತೆ ಇದು. ತಿಳಿದವನಿಗೆ ತೊಂದರೆಯಿಲ್ಲ, ತಿಳಿಯದವನು ಮೋಸಹೋಗುತ್ತಾನೆ. ಆದರೆ ಆಟದ ಯಥಾರ್ಥತೆಯನ್ನು ಹೊಗಳಿದವರು ಹೊಗಳಿದ್ದು ಹೆಸರುಗಳಿಗಾಗಿ ಅಲ್ಲ, ನಡೆಗಾಗಿ.

ನಡೆಯ ವಿಷಯದಲ್ಲಿ ಮುಂದಿಡಲಾಗುವ ವಾದಗಳಲ್ಲಿ ಮೊದಲನೆಯದು ಕಷ್ಟದ ವಾದ. ಹೊಸಬನೊಬ್ಬ ಈ ಆಟದಲ್ಲಿ ಕುಳಿತು ಆಕ್ಸಿಲರೇಟರನ್ನು ಒತ್ತಿದರೆ ವಾಹನ ಗಿರಕಿ ಹೊಡೆಯುತ್ತದೆ. ಮತ್ತೆ ಹೊರಟರೆ ಮತ್ತೆ ಗಿರಕಿ. ಒಂದು ಸುತ್ತನ್ನು ಅಪಘಾತವಿಲ್ಲದೆ ಮುಗಿಸುವುದಕ್ಕೇ ದಿನಗಳು ಹಿಡಿಯುತ್ತವೆ. ಇದನ್ನು ಅನುಭವಿಸಿದವನು 'ನಿಜವಾದ ವಾಹನವೂ ಹೀಗೆಯೇ ಕಷ್ಟ, ಆದುದರಿಂದ ಇದು ನಿಜ' ಎನ್ನುತ್ತಾನೆ. ಈ ತರ್ಕ ನಿಲ್ಲುವುದಿಲ್ಲ. ನಿಜವಾದುದೆಲ್ಲ ಕಷ್ಟವೆಂದು ಒಪ್ಪಿದರೂ ಕಷ್ಟವಾದುದೆಲ್ಲ ನಿಜವೆಂದು ಸಿದ್ಧಿಸದು, ವ್ಯಾಪ್ತಿ ತಲೆಕೆಳಗಾಗಿದೆ. ಕಷ್ಟಕ್ಕೆ ಬೇರೆ ಕಾರಣಗಳೂ ಇರಬಹುದು. ವಾಹನದಲ್ಲಿ ಕುಳಿತವನಿಗೆ ಹಿಂದಿನ ಚಕ್ರ ಜಾರತೊಡಗಿದ ವಾರ್ತೆ ಮೊದಲು ಮುಟ್ಟುವುದು ಬೆನ್ನಿಗೆ, ಸೊಂಟಕ್ಕೆ, ಕಿವಿಯೊಳಗಿನ ಸಮತೋಲದ ಇಂದ್ರಿಯಕ್ಕೆ. ಕಣ್ಣಿಗೆ ತಿಳಿಯುವುದು ಆಮೇಲೆ. ಪರದೆಯ ಮುಂದೆ ಕುರ್ಚಿಯಲ್ಲಿ ಕುಳಿತವನಿಗೆ ಕಣ್ಣೊಂದೇ ಗತಿ. ಅವನಿಗೆ ವಾರ್ತೆ ಮುಟ್ಟುವ ಹೊತ್ತಿಗೆ ಜಾರಿಕೆ ಕೈಮೀರಿರುತ್ತದೆ. ಹಾಗಾದರೆ ವಾಹನದ ಗಣಿತ ಪೂರ್ಣವಾಗಿ ಸರಿಯಾಗಿದ್ದರೂ ಆಟ ನಿಜಕ್ಕಿಂತ ಕಷ್ಟವಾಗಬೇಕು. ಆಟ ನಿಜದಷ್ಟೇ ಕಷ್ಟವೆನಿಸಿದರೆ ಗಣಿತದಲ್ಲಿ ಎಲ್ಲಿಯೋ ಔದಾರ್ಯವನ್ನು ಬೆರೆಸಿದ್ದಾರೆಂದು ಶಂಕಿಸಬೇಕು. ಯಂತ್ರಕ್ಕೆ ನಿಷ್ಠವಾದ ಆಟ ಅನುಭವಕ್ಕೆ ದ್ರೋಹ ಮಾಡುತ್ತದೆ. ಅನುಭವಕ್ಕೆ ನಿಷ್ಠವಾಗಬೇಕಾದರೆ ಯಂತ್ರವನ್ನು ತಿದ್ದಬೇಕಾಗುತ್ತದೆ. ಪಂದ್ಯದ ಆಟಗಳ ವಿಮರ್ಶೆಯಲ್ಲಿ ಈ ಎರಡು ನಿಷ್ಠೆಗಳನ್ನು ಬೇರ್ಪಡಿಸದೆ ಒಂದೇ ಪದದಿಂದ ಕರೆಯುತ್ತ ಬಂದುದರಿಂದ ಉಂಟಾದ ಗೊಂದಲ ಸಾಮಾನ್ಯವಾದುದಲ್ಲ.

ಎರಡನೆಯ ಪ್ರಮಾಣ ಸುತ್ತಿನ ಕಾಲ. ಇದು ಅಂಕೆಯಾದ್ದರಿಂದ ಇತಿಹಾಸಕಾರನಿಗೆ ಹೆಚ್ಚು ಪ್ರಿಯ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥ ಆಗ ಸುಮಾರು 22.8 ಕಿಲೋಮೀಟರು ಉದ್ದವಿತ್ತು. 1967ರ ಆಗಸ್ಟಿನಲ್ಲಿ ಅಲ್ಲಿ ಅರ್ಹತೆಯ ಸುತ್ತಿನಲ್ಲಿ ಕ್ಲಾರ್ಕ್ ತೆಗೆದುಕೊಂಡ ಕಾಲ 8 ನಿಮಿಷ 4.1 ಸೆಕೆಂಡು, ಸರಾಸರಿ ವೇಗ ಗಂಟೆಗೆ ಸುಮಾರು 170 ಕಿಲೋಮೀಟರು. ಆಟದಲ್ಲಿ ಪಳಗಿದವರು ಕಾಲಕ್ರಮದಲ್ಲಿ ಈ ಕಾಲವನ್ನೂ ಬೇರೆ ಪಥಗಳಲ್ಲಿನ ಅಂದಿನ ಕಾಲಗಳನ್ನೂ ಹಿಂದೆಹಾಕಿದರು. ಇದರಿಂದ ಆಟದ ವಾಹನದ ಹಿಡಿತ ನಿಜವಾದ ವಾಹನದ ಹಿಡಿತಕ್ಕಿಂತ ಹೆಚ್ಚೆಂದು ನಿರ್ಣಯಿಸಬಹುದೆ?

ಅವಸರಪಡಬಾರದು. ಅದೇ ದಿನಗಳಲ್ಲಿ ಎರಡನೆಯ ಸ್ಥಾನ ಪಡೆದ ಡೆನಿ ಹಲ್ಮ್‌ನ ಕಾಲ 8 ನಿಮಿಷ 13.5 ಸೆಕೆಂಡು. ಹಲ್ಮ್ ಸಾಮಾನ್ಯನಲ್ಲ, ಪಂದ್ಯವನ್ನು ಗೆದ್ದವನೂ ಅವನೇ, ಆ ವರ್ಷದ ಜಗಜ್ಜೇತನೂ ಅವನೇ. ಹೀಗಿದ್ದು ಇಬ್ಬರ ನಡುವೆ 9.4 ಸೆಕೆಂಡಿನ ಅಂತರ. ಒಂದು ತಿಂಗಳ ತರುವಾಯ ಮೊಂಜಾದಲ್ಲಿ ಕ್ಲಾರ್ಕನ ಕಾಲ 1 ನಿಮಿಷ 28.5 ಸೆಕೆಂಡು, ಅವನ ನಂತರದ ಬ್ರಾಭಮ್‌ನದು 1 ನಿಮಿಷ 28.8 ಸೆಕೆಂಡು. ಸುತ್ತುಗಳ ಉದ್ದದ ವ್ಯತ್ಯಾಸವನ್ನು ಕಳೆದು ನೋಡಿದರೂ ನ್ಯೂರ್ಬರ್ಗ್‌ರಿಂಗ್‌ನ ಅಂತರ ಬಹಳ ದೊಡ್ಡದು. ಮೊಂಜಾದಲ್ಲಿ ಅಳೆಯುತ್ತಿದ್ದುದು ಹೆಚ್ಚಾಗಿ ಎಂಜಿನ್ನಿನ ಬಲವನ್ನು, ನ್ಯೂರ್ಬರ್ಗ್‌ರಿಂಗ್‌ನಲ್ಲಿ ಮನುಷ್ಯನನ್ನು. ಆದುದರಿಂದ ಅಲ್ಲಿನ ದಾಖಲೆ ವಾಹನದ ಶಕ್ತಿಯ ಮೇರೆಯನ್ನು ಹೇಳುವುದಿಲ್ಲ. ಒಬ್ಬ ಮನುಷ್ಯ ಒಂದು ದಿನ ಎಷ್ಟರವರೆಗೆ ಹೋಗಲು ಒಪ್ಪಿದನೆಂಬುದನ್ನು ಹೇಳುತ್ತದೆ.

ಒಪ್ಪಿದ ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. 1967ರ ಮೇ ತಿಂಗಳಲ್ಲಿ ಮೊನಾಕೊ ಪಂದ್ಯದ ಬೆಂಕಿಯಲ್ಲಿ ಬೆಂದ ಲೊರೆಂಜೊ ಬಂಡೀನಿ ಮೂರು ದಿನಗಳ ನಂತರ ಸತ್ತನು. ಆಗಸ್ಟಿನಲ್ಲಿ ಬಾಬ್ ಆಂಡರ್ಸನ್, 1968ರ ಏಪ್ರಿಲ್ 7ರಂದು ಕ್ಲಾರ್ಕ್, ಮೇ ತಿಂಗಳಲ್ಲಿ ಮೈಕ್ ಸ್ಪೆನ್ಸ್, ಜೂನಿನಲ್ಲಿ ಲುದೊವೀಕೊ ಸ್ಕಾರ್ಫಿಯೊತ್ತಿ: 1967ರ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಓಡಿದವರಲ್ಲಿ ಐವರು ಸುಮಾರು 13 ತಿಂಗಳುಗಳೊಳಗೆ ವಾಹನಗಳಲ್ಲಿಯೇ ಮಡಿದರು. ಬೆಲ್ಜಿಯಮ್ಮಿನ ಸ್ಪಾ ಪಥ ಆಗ ಸಾರ್ವಜನಿಕ ರಸ್ತೆಗಳ ಮೇಲೆ ಹಾದು ಒಂದು ಸುತ್ತಿಗೆ 14.1 ಕಿಲೋಮೀಟರು ಇತ್ತು; ಅಂಚಿನಲ್ಲಿ ಮನೆಗಳು, ಕಂಬಗಳು, ಮರಗಳು. 1966ರಲ್ಲಿ ಅಲ್ಲಿ ಮಳೆಯಲ್ಲಿ ಉರುಳಿಬಿದ್ದು, ಪೆಟ್ರೋಲಿನಲ್ಲಿ ತೊಯ್ದು, ವಾಹನದೊಳಗೆ ಸಿಕ್ಕಿಕೊಂಡಿದ್ದ ಜಾಕಿ ಸ್ಟುಅರ್ಟ್ ಬದುಕಿ ಬಂದು ಮುಂದೆ ಪಂದ್ಯಪಥಗಳ ಸುರಕ್ಷತೆಗಾಗಿ ಹೋರಾಟ ನಡೆಸಿದನು. ಇಂಥ ಹಾದಿಯಲ್ಲಿ ಚಾಲಕನು ತನ್ನ ಬಲವನ್ನೆಲ್ಲ ವ್ಯಯಿಸುವುದಿಲ್ಲ. ಚಾಲಕನ ಪ್ರಯತ್ನವನ್ನು ಹತ್ತರಲ್ಲಿ ಇಷ್ಟು ಪಾಲೆಂದು ಅಳೆಯುವ ಕ್ರಮವನ್ನು ಡೆನಿಸ್ ಜೆಂಕಿನ್ಸನ್ 1958ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹತ್ತಕ್ಕೆ ಹತ್ತು ಪಾಲೂ ಓಡಿಸುವುದು ಅಪೂರ್ವವಾದ ಸಂಗತಿ. ಆಟಗಾರನಾದರೋ ಸದಾ ಹತ್ತು ಪಾಲಿನಲ್ಲಿಯೇ ಇರುತ್ತಾನೆ, ಹನ್ನೊಂದಕ್ಕೂ ಕೈಚಾಚುತ್ತಾನೆ. ವಾಹನ ಮರಕ್ಕೆ ಬಡಿದರೆ ಕೀಲಿಮಣೆಯ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರಾಯಿತು, ಹೊಸ ವಾಹನ ರಸ್ತೆಯ ಮೇಲೆ ಸಿದ್ಧವಾಗಿರುತ್ತದೆ. ಮೇಲಾಗಿ 1967ರ ಚಾಲಕನಿಗೆ ನ್ಯೂರ್ಬರ್ಗ್‌ರಿಂಗ್‌ನಲ್ಲಿ ದೊರೆಯುತ್ತಿದ್ದುದು ಅಭ್ಯಾಸದ ಕೆಲವು ಸುತ್ತುಗಳೂ ಪಂದ್ಯದ 15 ಸುತ್ತುಗಳೂ; ಆಟಗಾರನು ಸಾವಿರ ಸುತ್ತು ಹಾಕಿದರೂ ಟೈರು ಕೊಂಡು ತರಬೇಕಾಗಿಲ್ಲ. ಭಯದ ಅಭಾವ ಒಂದು, ಅಭ್ಯಾಸದ ಅಧಿಕ್ಯ ಇನ್ನೊಂದು, ಗಣಿತದ ಔದಾರ್ಯ ಮತ್ತೊಂದು. ವೇಗ ಹೆಚ್ಚಾದುದಕ್ಕೆ ಈ ಮೂರರಲ್ಲಿ ಯಾವುದು ಎಷ್ಟು ಕಾರಣವೆಂಬುದನ್ನು ಸುತ್ತಿನ ಕಾಲವೊಂದರಿಂದಲೇ ಬಿಡಿಸಿ ಹೇಳುವ ಉಪಾಯವಿಲ್ಲ.

ಆದುದರಿಂದ ಗಣಿತವನ್ನೇ ನೇರವಾಗಿ ಪರೀಕ್ಷಿಸಬೇಕು. ಅದರಲ್ಲಿಯೂ ಟೈರಿನ ಗಣಿತವನ್ನು. ತಿರುವಿನಲ್ಲಿ ಟೈರು ಮುಖಮಾಡಿರುವ ದಿಕ್ಕು ಬೇರೆ, ಅದು ಸಾಗುವ ದಿಕ್ಕು ಬೇರೆ. ಇವೆರಡರ ನಡುವಣ ಕೋನವನ್ನು ಜಾರುಕೋನವೆನ್ನಬಹುದು. ಜಾರುಕೋನ ಬೆಳೆದಂತೆ ಹಿಡಿತವೂ ಬೆಳೆದು, ಒಂದು ಶಿಖರವನ್ನು ಮುಟ್ಟಿ, ಆಮೇಲೆ ಇಳಿಯುತ್ತದೆ. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾನಿಲಯದ ಹಾನ್ಸ್ ಪಾಚೆಕಾ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಸೂತ್ರವೊಂದು ಈ ಏರಿಳಿತವನ್ನು ಅಚ್ಚುಕಟ್ಟಾಗಿ ಹಿಡಿಯುತ್ತದೆ. ಅದಕ್ಕೆ 'ಮಾಯಾಸೂತ್ರ' ಎಂಬರ್ಥದ ಹೆಸರೇ ರೂಢಿಯಾಗಿದೆ. ಏಕೆಂದರೆ ರಬ್ಬರಿನ ಸ್ವಭಾವದಿಂದ ತರ್ಕಿಸಿ ಪಡೆದದ್ದಲ್ಲ ಅದು, ಅಳತೆಗಳಿಗೆ ಹೊಂದುವಂತೆ ಬಾಗಿಸಿದ ರೇಖೆ. ಅಳತೆ ಇರುವಷ್ಟು ದೂರ ಅದು ನಂಬತಕ್ಕದ್ದು. ಆದರೆ ಶಿಖರದಾಚೆ, ವಾಹನ ಅಡ್ಡಡ್ಡಲಾಗಿ ಜಾರುವ ಸ್ಥಿತಿಯಲ್ಲಿ ಅಳತೆಗಳು ವಿರಳ. ಪರೀಕ್ಷಾಯಂತ್ರದಲ್ಲಿ ಟೈರು ಕಾದು ಸವೆದು ಅಳತೆಯೇ ಕೆಡುತ್ತದೆ. ಈ ತೊಡಕು ಯಾವ ಸೂತ್ರವನ್ನು ಬಳಸಿದರೂ ತಪ್ಪದು. ಆಟಗಾರನು, ಮುಖ್ಯವಾಗಿ ಹೊಸಬನು, ತನ್ನ ಹೆಚ್ಚಿನ ಕಾಲವನ್ನು ಕಳೆಯುವುದು ಆ ಅಳತೆಯಿಲ್ಲದ ಪ್ರದೇಶದಲ್ಲಿಯೇ. ಗಿರಕಿ ಹೊಡೆದು 'ಎಂಥ ಯಥಾರ್ಥ!' ಎಂದು ಬೆರಗಾಗುವ ಕ್ಷಣದಲ್ಲಿ ಅವನು ನೋಡುತ್ತಿರುವುದು ರಚಿಸಿದವನ ಊಹೆಯನ್ನು.

1967ರ ಟೈರುಗಳ ವಿಷಯದಲ್ಲಿ ಇನ್ನೂ ಒಂದು ತೊಡಕು. ಲೋಟಸ್ ಓಡುತ್ತಿದ್ದುದು ಫೈರ್‌ಸ್ಟೋನ್ ಟೈರುಗಳ ಮೇಲೆ, ಬ್ರಾಭಮ್ ಮತ್ತು ಈಗಲ್ ಗುಡ್‌ಇಯರ್ ಟೈರುಗಳ ಮೇಲೆ. ಅಂದಿನ ರಬ್ಬರು ಇಂದು ಸಿಕ್ಕಿದರೂ ಗಟ್ಟಿಯಾಗಿ ನಿರ್ಜೀವವಾಗಿರುತ್ತದೆ, ಅಳೆದು ಫಲವಿಲ್ಲ. ಹಳೆಯ ವಾಹನಗಳ ಪಂದ್ಯಗಳಲ್ಲಿ ಇಂದು ಬಳಸುವ ಟೈರುಗಳು ಹಳೆಯ ಅಚ್ಚಿನವಾದರೂ ಹೊಸದಾಗಿ ಮಾಡಿದವು. ಅವುಗಳ ಮೇಲೆ ಓಡಿಸಿ ನೋಡಿದವರ ಸಾಕ್ಷ್ಯವೂ ಆ ಮಟ್ಟಿಗೆ ಪರೋಕ್ಷವೇ. ಅಂದಿನ ಛಾಯಾಚಿತ್ರಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ವಾಹನಗಳು ಗಣನೀಯವಾದ ಕೋನದಲ್ಲಿ ನಿರಾಯಾಸವಾಗಿ ಜಾರುತ್ತ ಸಾಗುವುದು ಕಾಣುತ್ತದೆ. ಹಿಡಿತ ಥಟ್ಟನೆ ಕಳಚದೆ ಮೆಲ್ಲಮೆಲ್ಲನೆ ಸಡಿಲವಾಗುತ್ತಿದ್ದಿರಬೇಕೆಂದು ಅದರಿಂದ ಊಹಿಸಬಹುದು. ಆಟದ ವಾಹನ ಇದಕ್ಕಿಂತ ನಿಷ್ಠುರವಾಗಿದೆಯೆಂದು ನಮಗೆ ತೋರುತ್ತದೆ. ಡೇವಿಡ್ ಕೇಮರ್ ಅವರು 2004ರಲ್ಲಿ ಜಾನ್ ಹೆನ್ರಿಯವರೊಡನೆ ಸ್ಥಾಪಿಸಿ 2008ರಲ್ಲಿ ಬಳಕೆಗೆ ತಂದ 'ಐರೇಸಿಂಗ್' ಆಟಕ್ಕಾಗಿ ಮುಂದೆ ಟೈರಿನ ಲೆಕ್ಕವನ್ನು ಬುಡದಿಂದ ಪುನಃ ಕಟ್ಟಿದರೆಂಬುದನ್ನು ಇಲ್ಲಿ ನೆನೆಯಬೇಕು. ತನ್ನ ಹಳೆಯ ಲೆಕ್ಕ ಸಾಲದೆಂದು ಕರ್ತೃವೇ ಕಂಡುಕೊಂಡ ಮೇಲೆ ಅಭಿಮಾನಿಗಳು ಅದನ್ನು ವೇದವಾಕ್ಯವಾಗಿ ಹಿಡಿಯುವುದು ಸಲ್ಲದು.

ರಸ್ತೆಯ ಮಾತು ಬೇರೆ. ಇಲ್ಲಿ ವಿವಾದ ಕಡಮೆ, ಸಾಧನೆ ಹೆಚ್ಚು. ಐರೇಸಿಂಗ್ ಮೊದಲಾದ ಈಚಿನ ಆಟಗಳು ಲೇಸರು ಕಿರಣಗಳಿಂದ ಪಂದ್ಯಪಥದ ಮೇಲ್ಮೈಯನ್ನು ಅಳೆದು ಒಂದೊಂದು ಉಬ್ಬನ್ನೂ ತಗ್ಗನ್ನೂ ದಾಖಲಿಸುತ್ತವೆ. ಆದರೆ ಲೇಸರು ಅಳೆಯುವುದು ಇಂದಿನ ರಸ್ತೆಯನ್ನು. ನ್ಯೂರ್ಬರ್ಗ್‌ರಿಂಗ್ 1970ರ ಸುಮಾರಿಗೆ ದೊಡ್ಡ ಪ್ರಮಾಣದಲ್ಲಿ ದುರಸ್ತಿಯಾಗಿ ಅದರ ಉಬ್ಬುತಗ್ಗುಗಳು ಸಮವಾದುವು, ಅಂಚಿನ ಪೊದೆಗಳು ಹೋದುವು. ಸ್ಪಾದ 14 ಕಿಲೋಮೀಟರಿನ ಪಥ 1978ರವರೆಗೆ ಮಾತ್ರ ಉಳಿದು, 1979ರಿಂದ ಸುಮಾರು ಅರ್ಧದಷ್ಟು ಉದ್ದದ ಹೊಸ ಪಥ ಬಂದಿತು. ಹಳೆಯ ಕ್ಯಾಲಾಮಿ ಇಲ್ಲ. 1967ರ ರಸ್ತೆಗೆ ಆಕರಗಳೆಂದರೆ ನಕ್ಷೆಗಳು, ಛಾಯಾಚಿತ್ರಗಳು, ಸುದ್ದಿಚಿತ್ರಗಳು. ಜಾನ್ ಫ್ರಾಂಕನ್‌ಹೈಮರ್ 1966ರಲ್ಲಿ ನಿಜವಾದ ಪಂದ್ಯಪಥಗಳಲ್ಲಿ ವಾಹನಗಳಿಗೆ ಕ್ಯಾಮರಾ ಕಟ್ಟಿ ತೆಗೆದ 'ಗ್ರಾಂಡ್ ಪ್ರಿ' ಚಿತ್ರ, ಕಥೆ ಏನೇ ಇರಲಿ, ರಸ್ತೆಯ ಮಟ್ಟಿಗೆ ಬೆಲೆಯುಳ್ಳ ಆಕರ. ಇಂಥವುಗಳೊಡನೆ ಹೋಲಿಸಿದಾಗ ಆಟದ ಪಥಗಳ ತಿರುವುಗಳ ಕ್ರಮ, ಏರಿಳಿತದ ಸ್ಥಾನ, ಅಂಚಿನ ಕಟ್ಟಡಗಳು ಬಹುಮಟ್ಟಿಗೆ ಒಪ್ಪುತ್ತವೆ. ಮೇಲ್ಮೈಯ ಸೂಕ್ಷ್ಮಗಳು ಒಪ್ಪುತ್ತವೆಯೊ ಇಲ್ಲವೊ ಎಂದು ಹೇಳುವುದು ಕಷ್ಟ.

ಕೊನೆಯದಾಗಿ ಆಪ್ತವಾಕ್ಯದ ವಿಚಾರ, ಎಂದರೆ ಚಾಲಕರ ಸಾಕ್ಷ್ಯ. 1996ರಲ್ಲಿ ಜಾಕ್ ವಿಲ್ನವ್ ಮೊದಲ ಸಲ ಸ್ಪಾಗೆ ಬಂದು ಅರ್ಹತೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತಾಗ, ಅವನು ಪಥವನ್ನು ಗಣಕಯಂತ್ರದ ಆಟದಲ್ಲಿ ಕಲಿತನೆಂಬ ಸುದ್ದಿ ಎಲ್ಲೆಡೆ ಹಬ್ಬಿತು. ಇದನ್ನು ಒಪ್ಪಿಕೊಂಡರೂ ಸಿದ್ಧವಾಗುವುದು ರಸ್ತೆಯ ಯಥಾರ್ಥತೆ ಮಾತ್ರ. ಯಾವ ತಿರುವಿನ ನಂತರ ಯಾವುದು ಬರುವುದೆಂಬ ಜ್ಞಾನಕ್ಕೆ ಟೈರಿನ ಗಣಿತ ಬೇಕಿಲ್ಲ. ಇದಕ್ಕಿಂತ ಬಲವಾದ ಸಾಕ್ಷ್ಯ 2008ರಿಂದ ನಿಸಾನ್ ಮತ್ತು ಸೋನಿ ಸಂಸ್ಥೆಗಳು ನಡೆಸಿದ 'ಜಿ.ಟಿ. ಅಕಾಡೆಮಿ'ಯದು. 'ಗ್ರಾನ್ ಟುರಿಸ್ಮೊ' ಎಂಬ ಆಟದಲ್ಲಿ ಗೆದ್ದವರನ್ನು ಆರಿಸಿ ನಿಜವಾದ ಪಂದ್ಯಕ್ಕೆ ಇಳಿಸುವ ಯೋಜನೆ ಅದು. ಮೊದಲು ಗೆದ್ದ ಸ್ಪೇನಿನ ಲೂಕಾಸ್ ಒರ್ದೊನ್ಯೆಸ್ 2011ರ ಲ ಮಾನ್ಸ್ 24 ಗಂಟೆಗಳ ಪಂದ್ಯದಲ್ಲಿ ತನ್ನ ವರ್ಗದಲ್ಲಿ ಎರಡನೆಯ ಸ್ಥಾನದ ತಂಡದಲ್ಲಿದ್ದನು. 2011ರಲ್ಲಿ ಆಯ್ಕೆಯಾದ ಯಾನ್ ಮಾರ್ಡನ್‌ಬರೊ 2013ರಲ್ಲಿ ಅದೇ ಪಂದ್ಯದಲ್ಲಿ ತನ್ನ ವರ್ಗದ ಮೂರನೆಯ ಸ್ಥಾನದ ತಂಡದಲ್ಲಿದ್ದನು. ಆಟ ಸುಳ್ಳಾಗಿದ್ದರೆ ಇದು ಸಾಧ್ಯವೆ ಎಂದು ಕೇಳುವರು. ಆದರೆ ಬಹುಸಂಖ್ಯೆಯ ಆಟಗಾರರಿಂದ ಆರಿಸಿದ ಒಬ್ಬಿಬ್ಬರು ಅವರು. ಆಯ್ಕೆಯ ತರುವಾಯ ನಿಜವಾದ ವಾಹನಗಳಲ್ಲಿ ಕಠಿನವಾದ ತರಬೇತಿಯನ್ನೂ ಪಡೆದರು. ಆಟವು ಅವರಿಗೆ ಕಲಿಸಿತೊ, ಅಥವಾ ಮೊದಲೇ ಇದ್ದ ಶಕ್ತಿಯನ್ನು ಗುರುತಿಸುವ ಜರಡಿ ಮಾತ್ರ ಆಯಿತೊ ಎಂಬುದು ಈ ಸಾಕ್ಷ್ಯದಿಂದ ನಿರ್ಧಾರವಾಗದು. 2015ರ ಮಾರ್ಚಿಯಲ್ಲಿ ನ್ಯೂರ್ಬರ್ಗ್‌ರಿಂಗ್‌ನ ಫ್ಲುಗ್‌ಪ್ಲಾಟ್ಸ್ ಎಂಬಲ್ಲಿ ಮಾರ್ಡನ್‌ಬರೊ ಓಡಿಸುತ್ತಿದ್ದ ವಾಹನ ಗಾಳಿಗೆದ್ದು ಬೇಲಿಯನ್ನು ದಾಟಿ ಪ್ರೇಕ್ಷಕನೊಬ್ಬ ಸತ್ತನು. ಇವನ ಜೀವನವನ್ನು ಆಧರಿಸಿದ 2023ರ ಚಲನಚಿತ್ರ ಆ ದುರ್ಘಟನೆಯನ್ನು 2013ರ ಲ ಮಾನ್ಸ್ ಪಂದ್ಯಕ್ಕೆ ಮೊದಲೇ ನಡೆದಂತೆ ತೋರಿಸುತ್ತದೆ. ಆಟದ ಯಥಾರ್ಥತೆಯನ್ನು ಸಾರಲು ಹೊರಟ ಚಿತ್ರ ಕಾಲಾನುಕ್ರಮಣಿಯನ್ನೇ ತಿರುಗಿಸಿತು.

ನಮ್ಮ ಕಾವ್ಯಮೀಮಾಂಸೆಯಲ್ಲಿ ಈ ವಿಷಯಕ್ಕೆ ಹತ್ತಿರವಾದ ಮಾತೊಂದುಂಟು. ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಜ್ಞಾನ ಸಮ್ಯಗ್ಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಸಾದೃಶ್ಯವೂ ಅಲ್ಲ; ಚಿತ್ರದಲ್ಲಿ ಬರೆದ ಕುದುರೆಯನ್ನು 'ಕುದುರೆ' ಎನ್ನುವಂತೆ ಎಂದು ಶ್ರೀಶಂಕುಕನು ಹೇಳಿದನೆಂದು ಅಭಿನವಗುಪ್ತನ ವ್ಯಾಖ್ಯಾನದಿಂದ ತಿಳಿಯುತ್ತದೆ. ಆಟದಲ್ಲಿ ಮುಳುಗಿರುವವನ ಮಟ್ಟಿಗೆ ಈ ಚಿತ್ರತುರಗನ್ಯಾಯ ಸಾಕು. ಆದರೆ ಬರೆದ ಕುದುರೆಯನ್ನು ನೋಡಿ ಕುದುರೆಯ ಓಟದ ವೇಗವನ್ನು ನಿರ್ಣಯಿಸಹೊರಟವನಿಗೆ ಅದು ಸಾಲದು. ಬೇರೆಬೇರೆ ಅಂಗಗಳನ್ನು ಬೇರೆಬೇರೆ ಪ್ರಮಾಣಗಳಿಂದ ಅವನು ಅಳೆಯಬೇಕು. ಹಾಗೆ ಅಳೆದಾಗ 'ಗ್ರಾಂಡ್ ಪ್ರಿ ಲೆಜೆಂಡ್ಸ್' ರಸ್ತೆಯ ವಿಷಯದಲ್ಲಿ ವಿಶ್ವಾಸಾರ್ಹ, ಶಿಖರದ ಈಚಿನ ಚಾಲನೆಯಲ್ಲಿ, ಎಂದರೆ ತೂಕ ಮುಂದೆ ಹಿಂದೆ ಸರಿಯುವುದು, ಆಕ್ಸಿಲರೇಟರಿನಿಂದ ದಿಕ್ಕು ತಿದ್ದುವುದು ಮೊದಲಾದುವುಗಳಲ್ಲಿ, ಒಳ್ಳೆಯ ಮಾರ್ಗದರ್ಶಿ, ಶಿಖರದಾಚೆ ಊಹೆ. ಚಾಲಕನ ಮನಸ್ಸಿನ ವಿಷಯದಲ್ಲಿ ಅದು ಮೂಕ.

ಹಾಗಿದ್ದರೂ ಈ ಆಟ ಇನ್ನೊಂದು ಬಗೆಯಲ್ಲಿ ಆಕರವಾಗತೊಡಗಿದೆ. ಪಪೈರಸ್ ಸಂಸ್ಥೆ 2004ರಲ್ಲಿ ಮುಚ್ಚಿತು. ಆಟಗಾರರು ಆಟವನ್ನು ತಾವೇ ಉಳಿಸಿಕೊಂಡು 1965 ಮತ್ತು 1969ರ ವಾಹನಗಳನ್ನು ಅದಕ್ಕೆ ಸೇರಿಸಿದರು. ಬುಗಾಟಿ ಪಥದ ಬದಲು ಆಟ ಇಟ್ಟುಕೊಂಡ ರೂಆಂ ಪಥದಲ್ಲಿ ಪಂದ್ಯಗಳು 1990ರ ದಶಕದ ಮೊದಲ ವರ್ಷಗಳಲ್ಲಿಯೇ ನಿಂತಿದ್ದುವು. 1999ರಲ್ಲಿ, ಎಂದರೆ ಆಟ ಬಂದ ಮರುವರ್ಷ, ಅಲ್ಲಿನ ಪ್ರೇಕ್ಷಕರ ಕಟ್ಟೆಗಳನ್ನೂ ವಾಹನಗಳು ನಿಲ್ಲುತ್ತಿದ್ದ ಅಂಕಣಗಳನ್ನೂ ಕೆಡವಿದರು. ನೂವೊ ಮೋಂದ್ ತಿರುವಿನ ಕಲ್ಲುಹಾಸಿನ ಮೇಲೆ ಡಾಂಬರು ಬಿದ್ದಿತು. ಇಂದು ಅಲ್ಲಿ ಉಳಿದಿರುವುದು ಕಾಡಿನ ನಡುವಣ ಸಾಮಾನ್ಯ ರಸ್ತೆ. 1967ಕ್ಕೆ ಸುಳ್ಳಾದ ಆ ಒಂದು ಪಥ ಹಳೆಯ ರೂಆಂನ ರೂಪವನ್ನು ಓಡಿಸಿ ನೋಡುವಂತೆ ಹಿಡಿದಿಟ್ಟಿದೆ. ಅದನ್ನು ಬಳಸಿಕೊಳ್ಳುವವರು, 1952ರಿಂದ 1968ರವರೆಗೆ ಅಲ್ಲಿ ನಡೆದ ಐದು ಫ್ರೆಂಚ್ ಪಂದ್ಯಗಳ ಛಾಯಾಚಿತ್ರಗಳೊಡನೆ ತಿರುವು ತಿರುವಿಗೂ ಹೋಲಿಸಿ ನೋಡಬೇಕಾಗುತ್ತದೆ.